ಶೆಡ್ಡಿನ ಸವತಿಯ ಬ್ರೇಕು

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದವರು ಯಾವ ಬೆಳಿಗ್ಗೆಯಾದರೂ ಬಂದು ಬ್ರೇಕ್ ಒತ್ತಿ ನೋಡಬಹುದು. ಚಪ್ಪಲಿ ಮಾತ್ರ ಹೊರಗೆ ಬಿಚ್ಚಿಟ್ಟು ಹತ್ತಬೇಕು. ಅದು ಡ್ರಿಲ್ ಮೇಷ್ಟ್ರ ಕಟ್ಟಪ್ಪಣೆ.

ಮೇಷ್ಟ್ರು ನಿವೃತ್ತರಾಗಿದ್ದರು. ಆದರೆ ಶಾಲೆ ಅವರನ್ನು ಬಿಟ್ಟಿತ್ತೇ ಹೊರತು ಅವರು ಶಾಲೆಯನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕೂತರೆ ಬೆನ್ನು ನೆಟ್ಟಗೆ, ಹೊಸ್ತಿಲು ದಾಟಿದರೆ ಎಡಗಾಲು ಮೊದಲು, ಉಪ್ಪು ಕೇಳಿದರೆ ಪಕ್ಕದ ಮನೆಯವರೂ ಉಪ್ಪು ಹಿಡಿದುಕೊಂಡು ಬರಬೇಕು, ಅಂಥ ದನಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವರ ಯೌವನದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಟಾರ್ಪಾಲು ಹೊದ್ದು ಮಲಗಿತ್ತು. ಉದ್ದ ಮೂಗು, ಗಿಡ್ಡ ಬೆನ್ನು, ತಲೆಯ ಮೇಲೆ ಸೂರಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರು ಸುತ್ತಿದ್ದ ಗಾಡಿ ಅದು. ಮಗಳು ಹುಟ್ಟಿದ ಮೇಲೆ ಮೂರನೆಯವಳಿಗೆ ಜಾಗವಿಲ್ಲದೆ ನಿಂತಿತು. ನಿಂತದ್ದು ನಿಂತೇ ಇತ್ತು. ನಿವೃತ್ತಿಯ ಮರುದಿನ ಮೇಷ್ಟ್ರು ಟಾರ್ಪಾಲು ಎತ್ತಿದರು.

ಅಂದೇ ಅಜ್ಜಿ, ಅಂದರೆ ಮೇಷ್ಟ್ರ ತಾಯಿ, ಸೊಸೆಗೆ ಸುದ್ದಿ ಮುಟ್ಟಿಸಿದ್ದಳು: "ಎದ್ದಳು ನೋಡಮ್ಮ, ನಿನ್ನ ಸವತಿ."

"ಸವತಿಯಾಗಿದ್ರೆ ಚೆನ್ನಾಗಿತ್ತು ಅತ್ತೆ," ಅಂದಿದ್ದಳು ಸೊಸೆ. "ತರಕಾರಿ ಹೆಚ್ಚೋಕಾದ್ರೂ ಬರ್ತಿದ್ದಳು."

ಸೊಸೆಯನ್ನು ಬೀದಿಯವರೆಲ್ಲ ಡಬ್ಬಿಯಮ್ಮ ಅನ್ನುತ್ತಿದ್ದರು. ಬೆಳಗಾಗುತ್ತಲೇ ಅಡುಗೆ ಮಾಡಿ, ಊಟದ ಡಬ್ಬಿ ತುಂಬಿ, ತನ್ನದೇ ಪುಟ್ಟ ವ್ಯಾನಿನಲ್ಲಿ ಕಚೇರಿ ಕಚೇರಿಗೆ ಮುಟ್ಟಿಸುವುದು ಅವಳ ಉದ್ಯೋಗ. ಕೈರುಚಿ ಊರಿಗೆ ಹಿಡಿಸಿದಷ್ಟೂ ಮನೆ ಹಿಡಿಸದಾಯಿತು. ಸೋಫಾದ ಮೇಲೆ ಡಬ್ಬಿ, ಮಂಚದ ಕೆಳಗೆ ಈರುಳ್ಳಿ, ಅಜ್ಜಿಯ ಸೀರೆಗಳ ನಡುವೆ ಎಣ್ಣೆಯ ಡಬ್ಬ. ಈಗ ಹೊಸದೊಂದು ಕಾರ್ಖಾನೆಯವರು ಅಲ್ಲಿನ ಎಲ್ಲರಿಗೂ ಊಟ ಕೊಡಿ ಎಂದು ಕೇಳಿದ್ದರು. ಹಾಗಾಗಿ ಒಂದು ಸಂಜೆ ಅನ್ನ ಬಡಿಸುತ್ತಲೇ ಅವಳು ವಿಷಯ ಎತ್ತಿದಳು.

"ಮುಂದಿನ ತಿಂಗಳು ದೊಡ್ಡ ಒಲೆ ಬರುತ್ತೆ. ನಂಗೆ ಶೆಡ್ ಬೇಕು."

"ಶೆಡ್ಡಲ್ಲಿ ಗಾಡಿ ಇದೆಯಲ್ಲೇ," ಅಂದರು ಮೇಷ್ಟ್ರು.

"ಅದಕ್ಕೇ ಕೇಳ್ತಿರೋದು. ಗಾಡಿ ಇಲ್ಲದಿದ್ರೆ ಕೇಳ್ತಿರಲಿಲ್ಲ, ತಗೊಳ್ತಿದ್ದೆ. ಬೀದೀಲಿ ನಿಲ್ಲಿಸಿ."

"ಫಿಟ್‌ನೆಸ್ ಆಗದ ಗಾಡೀನ ಬೀದೀಲಿ ನಿಲ್ಲಿಸಿದ್ರೆ ಎತ್ಕೊಂಡು ಹೋಗ್ತಾರೆ."

"ಹಾಗಿದ್ರೆ ಫಿಟ್‌ನೆಸ್ ಮಾಡ್ಸಿ."

ಮೇಷ್ಟ್ರು ತಟ್ಟೆಯ ಕಡೆ ನೋಡಿದರು. "ಎಂಜಿನ್ ಪರವಾಗಿಲ್ಲ. ಬ್ರೇಕೇ ಹಿಡೀತಿಲ್ಲ."

ಊಟಕ್ಕೆ ಬಂದಿದ್ದ ಕಿವಿಮಾಮ ಇಲ್ಲಿ ಬಾಯಿ ಹಾಕಿದ. ಅವನು ಡಬ್ಬಿಯಮ್ಮನ ತಮ್ಮ. ಕಿವಿ ಮಂದವಾದವರಿಗೆ ಯಂತ್ರ ಮಾರುವ ಅಂಗಡಿ ಇಟ್ಟಿದ್ದ. ಊರಿಗೆಲ್ಲ ಕಿವಿ ಮಾರಿದವನು ತಾನು ಮಾತ್ರ ಯಾರ ಮಾತಿಗೂ ಕಿವಿ ಕೊಟ್ಟವನಲ್ಲ.

"ಭಾವ, ನನ್ನ ಹತ್ರ ಒಬ್ಬ ಗಿರಾಕಿ ಇದಾರೆ. ಹೊಸ ಹೋಟೆಲ್ ಕಟ್ಟಿಸ್ತಿದಾರೆ. ಬಾಗಿಲ ಮುಂದೆ ನಿಲ್ಲಿಸೋಕೆ ಹಳೇ ಕಾರು ಬೇಕಂತೆ."

"ನಿಲ್ಲಿಸೋಕಾ? ನನ್ನ ಗಾಡಿ ಓಡುತ್ತೆ ಕಣೋ!"

"ಅದೇ ತೊಂದ್ರೆ ಭಾವ. ಓಡುತ್ತೆ, ನಿಲ್ಲಲ್ಲ. ಅವರಿಗೆ ಓಡೋದು ಬೇಡ, ನಿಲ್ಲೋದು ಬೇಕು."

ಅಜ್ಜಿ ಫಕ್ಕನೆ ನಕ್ಕಳು. ಡಬ್ಬಿಯಮ್ಮ ನಗಲಿಲ್ಲ. "ನೋಡಿ, ತಿಂಗಳ ಕೊನೆವರೆಗೂ ಟೈಮ್ ಕೊಡ್ತೀನಿ. ಬ್ರೇಕ್ ಟೆಸ್ಟ್ ಪಾಸಾದ್ರೆ ಗಾಡಿ ನಮ್ಮ ಬೀದೀಲಿರಲಿ. ಇಲ್ದಿದ್ರೆ ಹೋಟೆಲ್ ಬಾಗಿಲಲ್ಲಿ. ಹೇಗಿದ್ರೂ ಶೆಡ್ ನಂದು. ಒಪ್ಪಿಗೇನಾ?"

ಮೇಷ್ಟ್ರು ಒಪ್ಪಿದರು. ಮರುದಿನವೇ ಹೋಗಿ ತಿಂಗಳ ಕೊನೆಯ ಪರೀಕ್ಷೆಗೆ ಸರತಿ ಹಿಡಿದೂ ಬಂದರು.

ಒಪ್ಪಂದ ಗಂಡ ಹೆಂಡಿರದು; ಜಗಳ ಹುಟ್ಟಿದ್ದು ಅಪ್ಪ ಮಗಳ ನಡುವೆ. ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮಗುವಾಗಿದ್ದಾಗ ಆ ಗಾಡಿಯನ್ನು ಶೆಡ್ಡಿಗೆ ಅಟ್ಟಿದವಳೇ ದೊಡ್ಡವಳಾದ ಮೇಲೆ ಅದರ ಎಂಜಿನ್ನಿಗೆ ಅಪ್ಪನ ಜೊತೆ ಕೈಜೋಡಿಸಿದ್ದಳು. ಹಳೆಯ ಬ್ರೇಕು ಡ್ರಮ್ಮಿನದು: ಚಕ್ರದ ಒಳಗಿನ ಡಬ್ಬಿಯಲ್ಲಿ ಎರಡು ಕಮಾನು ಅಗಲಗೊಂಡು ತಡೆಯಬೇಕು. ಅವು ಸವೆದು, ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಡುತ್ತಿದ್ದವು.

"ಅಪ್ಪ, ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕೋಣ," ಅಂದಳು ಮಗಳು. "ಈ ಮಾಡೆಲ್ಲಿಗೆ ಅಂತಾನೇ ಸೆಟ್ ಸಿಗುತ್ತೆ."

"ಹುಟ್ಟಿದಾಗ ಅದಕ್ಕೆ ಡಿಸ್ಕ್ ಇರಲಿಲ್ಲ."

"ಹುಟ್ಟಿದಾಗ ನಿಂಗೆ ಹಲ್ಲೂ ಇರಲಿಲ್ಲ. ಹೋದ್ವರ್ಷ ಎರಡು ಕಟ್ಟಿಸ್ಕೊಂಡೆಯಲ್ಲ?"

"ಮೂಲ ಹೇಗಿತ್ತೋ ಹಾಗೇ ಇರಬೇಕು!"

"ಮೂಲದಲ್ಲಿ ಅದು ನಿಲ್ತಿತ್ತು ಅಪ್ಪ!"

ಅಲ್ಲಿಗೆ ಮಾತು ನಿಂತಿತು. ಬ್ರೇಕಿಲ್ಲದ ಮನೆಯಲ್ಲಿ ಸರಿಯಾಗಿ ನಿಂತದ್ದು ಅದೊಂದೇ. ಮಗಳು ತಾನೇ ಸೆಟ್ ತರಿಸಿದಳು. ಮೇಷ್ಟ್ರು ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. ಇಬ್ಬರ ನಡುವೆ ಅಜ್ಜಿ ಅಂಚೆಯವಳಾದಳು. ಅಜ್ಜಿಗೆ ಹಲ್ಲು ಕಡಿಮೆಯಾದಷ್ಟೂ ದನಿಗಳು ಹೆಚ್ಚಾಗಿದ್ದವು. ಡಾಕ್ಟರು, ವಾರ್ತೆ ಓದುವವಳು, ಎದುರುಮನೆಯ ಹಳೆಯ ಸ್ಕೂಟರು, ಯಾವುದಾದರೂ ಸರಿ, ಒಮ್ಮೆ ಕೇಳಿದರೆ ಸಾಕು, ಅದೇ ದನಿ ತೆಗೆಯುತ್ತಿದ್ದಳು. ಮಗನ ಮಾತನ್ನು ಮಗನ ದನಿಯಲ್ಲೇ ಮೊಮ್ಮಗಳಿಗೆ ತಲುಪಿಸುತ್ತಿದ್ದಳು: "ಸಾವಧಾನ್! ಡಿಸ್ಕ್ ಹಾಕೋದೇ ಆದ್ರೆ ನಾನೇ ಹಾಕ್ತೀನಿ, ಚಕ್ರದ ಹತ್ರ ಯಾರೂ ಸುಳೀಕೂಡದು, ವಿಶ್ರಾಮ್!" ಉತ್ತರವನ್ನು ಮೂಗು ಕೊಂಕಿಸಿ, ಸೊಂಟಕ್ಕೆ ಕೈಯಿಟ್ಟು ತರುತ್ತಿದ್ದಳು: "ಹಾಕ್ಲಿ ಬಿಡಜ್ಜಿ, ನಂಗೇನು? ಫೋನಲ್ಲಿ ಚಿತ್ರ ಇದೆ, ಬೇಕಿದ್ರೆ ನೋಡ್ಲಿ."

"ಚಿತ್ರ ನೋಡಿ ಗಾಡಿ ಕಟ್ಟೋಕೆ ನಾನೇನು ಪೇಂಟರಾ?" ಅಂದರು ಮೇಷ್ಟ್ರು, ಗೋಡೆಗೆ.

ಸೆಟ್ ಬಂದ ದಿನ ಅಪ್ಪ ಮಗಳು ಇಬ್ಬರೂ ಮನೆಯಲ್ಲಿರಲಿಲ್ಲ. ಪೆಟ್ಟಿಗೆಯನ್ನು ಯಾರೋ ಊಟದ ಮೇಜಿನ ಮೇಲಿಟ್ಟರು. ಅಜ್ಜಿ ತೆಗೆದು ನೋಡಿದಳು. ಹೊಳೆಯುವ ಎರಡು ಕಬ್ಬಿಣದ ತಟ್ಟೆ, ಅವನ್ನು ಕಚ್ಚಿ ಹಿಡಿಯಲು ದಪ್ಪ ಇಕ್ಕಳದಂಥ ಎರಡು ಕ್ಯಾಲಿಪರ್, ಎಲ್ಲದಕ್ಕೂ ಮೆತ್ತಿದ ಜಿಡ್ಡು. ಊಟದ ಮೇಜಿನ ಮೇಲೆ ಜಿಡ್ಡನ್ನು ಆಕೆ ಸಹಿಸಿದವಳಲ್ಲ. ಬಿಸಿನೀರು, ಸೋಪು, ನಾರು ತೆಗೆದುಕೊಂಡು ಪಾತ್ರೆಗಳ ಜೊತೆಗೇ ತಿಕ್ಕಿ ತೊಳೆದು ಬೋರಲು ಹಾಕಿದಳು. ತೂತುಗಳಿಗೆ ಮುಚ್ಚಳವಿದ್ದದ್ದರಿಂದ ಒಳಗೆ ನೀರು ಹೋಗಲಿಲ್ಲ. ಆದರೆ ಎಡದ ಚಕ್ರಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ಹೇಳುವ ಚೀಟಿಗಳು ತೊಟ್ಟಿಯ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದವು.

"ತಟ್ಟೆ ತೊಳೆದಷ್ಟು ಬೆಳ್ಳಗಾಗಿವೆ ನೋಡೇ," ಅಂದಳು ಅಜ್ಜಿ.

ಮಗಳು ಹಣೆ ಹಿಡಿದುಕೊಂಡಳು. ಒಂದು ಕ್ಯಾಲಿಪರ್ ಇನ್ನೊಂದರ ಕನ್ನಡಿಬಿಂಬದಂತೆ ಇತ್ತು. ಶೆಡ್ಡಿಗೆ ಒಯ್ದು, ಕಾರಿನ ಮೂಗಿಗೆ ಎದುರಾಗಿ ನಿಂತು, ಫೋನಿನ ಚಿತ್ರಕ್ಕೆ ಹೋಲಿಸಿ, ಕೆಂಪು ಉಗುರುಬಣ್ಣದಲ್ಲಿ ಒಂದರ ಮೇಲೆ 'ಎ', ಇನ್ನೊಂದರ ಮೇಲೆ 'ಬ' ಎಂದು ಬರೆದಳು. ಅಪ್ಪ ಅಲ್ಲೇ ಮೂಲೆಯಲ್ಲಿ ನಟ್ಟು ತೊಳೆಯುತ್ತಿದ್ದರು. ಇಬ್ಬರೂ ಮಾತಾಡಲಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಮೇಷ್ಟ್ರು ಎದ್ದು ಬಂದು ಅಕ್ಷರ ನೋಡಿದರು. ಮಗಳು ನಿಂತ ಜಾಗ ನೋಡಿದರು. ಸ್ವಲ್ಪ ಯೋಚಿಸಿ, ಮೀಸೆಯಡಿ ನಕ್ಕು, ಬೋಲ್ಟು ಬಿಗಿದರು.

ಅಲ್ಲಿಂದ ಶುರುವಾಯಿತು ಕಾಲಿನ ಕೆಲಸ.

ಬ್ರೇಕಿನ ಕೊಳವೆಯಲ್ಲಿ ಆಯಿಲ್ ಮಾತ್ರ ಇರಬೇಕು, ಗಾಳಿ ಇರಬಾರದು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಆಯಿಲ್ ಜೊತೆ ಗುಳ್ಳೆ ಬಂದ ಮೇಲೆ ಮತ್ತೆ ಬಿಗಿಯಬೇಕು. ಮೇಷ್ಟ್ರು ಕೆಳಗೆ, ಉಳಿದವರು ಸರದಿಯಂತೆ ಮೇಲೆ. ಹಗಲು ಮಗಳು ಆಸ್ಪತ್ರೆಗೆ, ಸೊಸೆ ವ್ಯಾನಿಗೆ. ಹೀಗಾಗಿ ಹೆಚ್ಚಿನ ಪಾಲು ಅಜ್ಜಿಯದಾಯಿತು.

"ಒತ್ತು!" ಅನ್ನುತ್ತಿತ್ತು ಕಾರಿನಡಿಯ ದನಿ. "ಹಿಡಿ! ಬಿಡು! ಒತ್ತು!"

"ಹೆತ್ತ ತಾಯಿಗೆ ಡ್ರಿಲ್ ಮಾಡಿಸ್ತೀಯಲ್ಲೋ."

"ಮಾತು ಬೇಡ ಅಮ್ಮ! ಹಿಡಿ!"

ಹಗಲೆಲ್ಲ ಒತ್ತಿದರೂ ಪೆಡಲು ಗಟ್ಟಿಯಾಗಲಿಲ್ಲ. ನಾದಿದ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯುತ್ತಿತ್ತು. ಬೇಗಬೇಗ ಒತ್ತಿದರೆ ಗಟ್ಟಿ. ಸ್ವಲ್ಪ ಬಿಟ್ಟು ಒತ್ತಿದರೆ ಮತ್ತೆ ಹಿಟ್ಟು. ಮೇಷ್ಟ್ರು ಕೊಳವೆಗಳ ಒಂದೊಂದು ಜೋಡಣೆಯನ್ನೂ ಒರೆಸಿ, ಕಾಗದ ಕಟ್ಟಿ, ಬೆಳಿಗ್ಗೆ ಬಿಚ್ಚಿ ನೋಡಿದರು. ಎಲ್ಲೂ ಸೋರಿಕೆಯಿಲ್ಲ. ಕಿವಿಮಾಮ ಬಾಗಿಲಿಗೆ ಒರಗಿ ತೀರ್ಪು ಕೊಟ್ಟ:

"ಮಾಸ್ಟರ್ ಸಿಲಿಂಡರ್ ಹೋಗಿದೆ ಭಾವ. ಮಾಸ್ಟರೇ ಹಳಬರಾದ್ರೆ ಹೀಗೇ."

"ನಂಗಾ ಹೇಳ್ತಿರೋದು, ಗಾಡಿಗಾ?"

ಪೆಡಲಿನ ಹಿಂದೆ ಆಯಿಲ್ ನೂಕುವ ಆ ಸಿಲಿಂಡರನ್ನೂ ಬದಲಿಸಿದರು. ಪೆಡಲು ಬದಲಾಗಲಿಲ್ಲ. ಹಿಂದಿನ ಚಕ್ರಗಳ ಬ್ರೇಕು ಬಿಗಿದರು. ಆಯಿಲ್ ಪೂರಾ ಚೆಲ್ಲಿ ಹೊಸತು ಹಾಕಿದರು. ಚೆಲ್ಲಿದ ಆಯಿಲ್ ಹಿಡಿಯಲು ಗಾಜಿನ ಲೋಟ ಬೇಕಾಯಿತು. ಡಬ್ಬಿಯಮ್ಮ ಮಧ್ಯಾಹ್ನ ಬಂದಾಗ ಅವಳ ಚಹಾದ ಲೋಟ ಕಾರಿನಡಿಯಲ್ಲಿತ್ತು.

"ಇದು ನನ್ನ ಲೋಟ."

"ತೊಳೆದು ಕೊಡ್ತೀನಿ ಕಣೇ."

"ಬೇಡ. ನಿಮ್ಮವಳಿಗೇ ಇರಲಿ. ಸಕ್ಕರೆ ಹಾಕಿ ಕೊಡ್ಲಾ ಅಂತ ಕೇಳಿ."

ಹೋಟೆಲಿನವರು ಒಂದು ಸಲ ಬಂದು ಕಾರು ನೋಡಿಹೋದರು. ಮೂಗಿನಲ್ಲೇ ಮಾತಾಡುವ, ಪ್ರತಿ ಮಾತಿನ ಕೊನೆಗೆ 'ಅಲ್ವಾ ಸಾರ್' ಅಂಟಿಸುವ ಮನುಷ್ಯ. ಮೇಷ್ಟ್ರು ಅವರಿಗೆ ಕುರ್ಚಿಯನ್ನೂ ಕೊಡಲಿಲ್ಲ.

ಆ ವಾರವೇ ಅನಾಹುತವಾಯಿತು. ಅಂಗಳದ ಬೆಂಚಿನ ಮೇಲೆ ತೊಳೆದ ಡಬ್ಬಿಗಳನ್ನು ಗೋಪುರವಾಗಿ ಪೇರಿಸಿಟ್ಟಿದ್ದರು. ಮೇಷ್ಟ್ರು ಪೆಡಲನ್ನು ಪಟಪಟ ಒತ್ತಿ ನೋಡಿದರು, ಗಟ್ಟಿಯೆನಿಸಿತು, ಕಾರು ಹೊರಗೆ ತೆಗೆದರು. ನಡಿಗೆಯ ವೇಗವೇ. ಗೇಟಿನ ಬಳಿ ಕಾಲಿಟ್ಟರು. ಪೆಡಲು ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಬೆಂಚು ಉರುಳಿತು. ಡಬ್ಬಿಗಳು ಬಿದ್ದ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು.

ಡಬ್ಬಿಯಮ್ಮ ಓಡಿಬಂದಳು. ಬೈಯಲಿಲ್ಲ. ಕೂತು ಒಂದೊಂದೇ ಮುಚ್ಚಳ ಎತ್ತಿ ಅದರ ಡಬ್ಬಿಗೆ ಹೊಂದಿಸುತ್ತ, ತಲೆಯೆತ್ತದೆ ಅಂದಳು:

"ಈ ಬೆಂಚಿನ ಮೇಲೆ ಅತ್ತೆ ದಿನಾ ಬಟಾಣಿ ಬಿಡಿಸ್ತಾರೆ."

ಮೇಷ್ಟ್ರು ಕಾರನ್ನು ಕೈಯಿಂದಲೇ ಒಳಗೆ ತಳ್ಳಿದರು. ಟಾರ್ಪಾಲು ಹೊದಿಸಿದರು. ಊಟದ ಹೊತ್ತಿಗೆ ಕಿವಿಮಾಮನಿಗೆ, ಜೀವನದಲ್ಲೇ ಮೊದಲ ಸಲ ಮೆಲ್ಲಗೆ, "ಆ ಹೋಟೆಲಿನವರಿಗೆ ಹೇಳಿಬಿಡಪ್ಪ. ತಗೊಂಡು ಹೋಗ್ಲಿ," ಅಂದರು.

ಎಷ್ಟು ಮೆಲ್ಲಗೆಂದರೆ ಕಿವಿಮಾಮನಿಗೂ ಕೇಳಿಸಿತು.

ಹೆಂಡತಿ ಅವರ ತಟ್ಟೆಗೆ ಕೇಳದೆಯೇ ಇನ್ನೆರಡು ಹುರಿದ ಆಲೂಗಡ್ಡೆ ಹಾಕಿದಳು. ಅವು ಹಾಗೇ ಉಳಿದವು. ಪಾತ್ರೆ ತೊಳೆಯುತ್ತ ಅತ್ತೆಯ ಮುಂದೆ ಸಿಡುಕಿದಳು: "ಗೆದ್ದಿದ್ದು ನಾನು. ಗಂಟಲಲ್ಲಿ ಅನ್ನ ಇಳೀದೇ ಇರೋದೂ ನಂಗೇನಾ?"

ಮರುದಿನ ಮೇಷ್ಟ್ರು ಪಕ್ಕದ ಊರಿನ ಶಾಲೆಗಳ ಕ್ರೀಡಾಕೂಟಕ್ಕೆ ತೀರ್ಪುಗಾರರಾಗಿ ಹೊರಟರು. ಹೋಗುವಾಗ ಕಾರಿನ ಕೀಲಿಯನ್ನು ಹೆಂಡತಿಯ ಮುಂದೆ ಮೇಜಿನ ಮೇಲೆ ಇಟ್ಟರು. ಪೆಡಲು ಒತ್ತಿ ಒತ್ತಿ ಅಜ್ಜಿಯ ಮೊಣಕಾಲು ಬನ್ನಿನಂತೆ ಊದಿತ್ತು. ರಜೆಯಲ್ಲಿದ್ದ ಮಗಳು ಬಿಸಿನೀರಿನ ರಬ್ಬರ್ ಚೀಲ ತುಂಬುತ್ತಿದ್ದಳು. ಚೀಲವನ್ನು ಅಡ್ಡ ಹಿಡಿದು ಮುಚ್ಚಳ ಹಾಕಲು ಹೋದಳು.

"ಹಾಗಲ್ವೇ," ಅಂದಳು ಡಬ್ಬಿಯಮ್ಮ ಒಲೆಯ ಬಳಿಯಿಂದ. "ಒಳಗೆ ಗಾಳಿ ಉಳ್ಕೊಂಡು ಬರೀ ಬುಸುಬುಸು ಅನ್ನುತ್ತೆ. ಬಾಯಿ ಮೇಲೆ ಮಾಡಿ ಹೊಟ್ಟೆ ಅಮುಕು. ಗಾಳಿ ಹೋದ್ಮೇಲೆ ಮುಚ್ಚು."

ಮಗಳು ಬಾಯಿ ಮೇಲೆ ಮಾಡಿದಳು, ಅಮುಕಿದಳು. ಚೀಲ ಬುಸ್ ಅಂದಿತು, ಗಟ್ಟಿಯಾಯಿತು. ಅವಳು ಅದನ್ನೇ ನೋಡಿದಳು. ಆಮೇಲೆ ಚೀಲ ಹಿಡಿದುಕೊಂಡೇ ಶೆಡ್ಡಿಗೆ ಓಡಿದಳು.

"ಅಯ್ಯೋ, ನನ್ನ ಚೀಲ!" ಎಂದು ಕೂಗಿದಳು ಅಜ್ಜಿ.

ಇಷ್ಟು ದಿನ ಚಕ್ರದ ಬಳಿ ಅಪ್ಪ ಯಾರನ್ನೂ ಬಿಟ್ಟಿರಲಿಲ್ಲ. ಅವಳಿಗೆ ಸಿಕ್ಕಿದ್ದು ಪೆಡಲು ಮಾತ್ರ. ಈಗ ನೆಲಕ್ಕೆ ಕೆನ್ನೆಯಿಟ್ಟು ಟಾರ್ಚ್ ಬಿಟ್ಟು ನೋಡಿದಳು. ಗಾಳಿ ಬಿಡುವ ಸ್ಕ್ರೂ ಕ್ಯಾಲಿಪರಿನ ತಲೆಯ ಮೇಲಿರಬೇಕಿತ್ತು, ಬುಡದಲ್ಲಿ ನೇತಾಡುತ್ತಿತ್ತು. ಆಚೆಯ ಚಕ್ರದಲ್ಲೂ ಹಾಗೇ. ಬಲದ ಚಕ್ರದ ಮೇಲೆ ಉಗುರುಬಣ್ಣದ 'ಎ' ಹೊಳೆಯುತ್ತಿತ್ತು.

"ಅಮ್ಮಾ! ಅಪ್ಪ ಎಡದ್ದನ್ನ ಬಲಕ್ಕೆ ಹಾಕಿದಾನೆ, ಬಲದ್ದನ್ನ ಎಡಕ್ಕೆ! ಬಾಯಿ ಕೆಳಗಾಗಿದೆ. ಆಯಿಲ್ ಕೆಳಗಿಂದ ಹೊರಗೆ ಹೋಗ್ತಿದೆ, ಗಾಳಿ ಮೇಲೆ ಹಾಯಾಗಿ ಕೂತಿದೆ!"

ಅಜ್ಜಿ ಕುಂಟುತ್ತ ಬಂದಳು. "ಹಾಗಿದ್ರೆ ನಾನು ಇಷ್ಟು ದಿನ ಒತ್ತಿದ್ದು?"

"ಗಾಳಿಗೆ ಬರೀ ವ್ಯಾಯಾಮ ಆಯ್ತು, ಅಜ್ಜಿ."

ಡಬ್ಬಿಯಮ್ಮ ಒಲೆ ಆರಿಸಿದಳು. ಸೆರಗು ಸಿಕ್ಕಿಸಿ ಶೆಡ್ಡಿಗೆ ಇಳಿದಳು. ಕಿವಿಮಾಮನನ್ನು ಕರೆಸಿ ಟಾರ್ಚ್ ಹಿಡಿಸಿದರು. ಅವನು ಬೆಳಕಿಗಿಂತ ಸಲಹೆ ಹೆಚ್ಚು ಬಿಟ್ಟ. ತಾಯಿ ಮಗಳು ಕ್ಯಾಲಿಪರ್ ಬಿಚ್ಚಿ, ಅದಲು ಬದಲು ಮಾಡಿ, ಬಾಯಿ ಮೇಲಾಗಿ ಕೂರಿಸಿ ಬಿಗಿದರು. ಅಜ್ಜಿ ಒಳ್ಳೆಯ ಕಾಲಿನಿಂದ ಪೆಡಲೊತ್ತಲು ಕೂತಳು. ಸ್ಕ್ರೂ ಸಡಿಲಿಸಿದ್ದೇ ಕೊಳವೆಯಿಂದ ಗುಳುಗುಳು ಗುಳ್ಳೆ, ಮತ್ತೆ ಗುಳ್ಳೆ, ಆಮೇಲೆ ಬರೀ ಆಯಿಲ್.

"ಏ," ಅಂದಳು ಅಜ್ಜಿ. "ಇದು ಕಲ್ಲಾಯ್ತಲ್ಲೇ!"

ಡಬ್ಬಿಯಮ್ಮ ಕೀಲಿ ತಂದಳು. ಜನವಿಲ್ಲದ ಹಿಂದಿನ ಬೀದಿಯಲ್ಲಿ ಮೊದಲು ಆಮೆಯಂತೆ, ಆಮೇಲೆ ಚುರುಕಾಗಿ ಓಡಿಸಿ, ಮತ್ತೆ ಮತ್ತೆ ನಿಲ್ಲಿಸಿದಳು. ಗಾಡಿ ಅತ್ತ ಇತ್ತ ಎಳೆಯದೆ ಎಳೆದ ಗೆರೆಯಂತೆ ನಿಂತಿತು. ಅವಳು ವಾಪಸು ಬಂದಾಗ ಜಡೆ ಬಿಚ್ಚಿಹೋಗಿತ್ತು, ಮುಖ ಕೆಂಪಾಗಿತ್ತು.

"ಅತ್ತೆ, ಇವಳು ನನ್ನ ವ್ಯಾನಿಗಿಂತ ಚೆನ್ನಾಗಿ ಮಾತು ಕೇಳ್ತಾಳೆ."

ಕಿವಿಮಾಮ ಫೋನ್ ತೆಗೆದ. "ಹೋಟೆಲಿನವರಿಗೆ ಬೇಡ ಅಂತ ಹೇಳಿಬಿಡ್ತೀನಿ. ಹಾಗೇ ಭಾವನಿಗೂ..."

"ಹೋಟೆಲಿನವರಿಗೆ ಹೇಳು. ಭಾವನಿಗೆ ಹೇಳಿದ್ರೆ ನಿಂಗೇ ಕಿವಿಯಂತ್ರ ಬೇಕಾಗುತ್ತೆ ನೋಡು," ಅಂದಳು ಅಕ್ಕ. "ನನ್ನ ಡಬ್ಬಿಗಳ ಮೇಲೆ ಗಾಡಿ ಹತ್ತಿಸಿದಾರೆ. ಅಷ್ಟು ಸುಲಭಕ್ಕೆ ಬಿಡ್ತೀನಾ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಆಗಲೇ ಮೂಗು ಹಿಡಿದುಕೊಂಡಿದ್ದಳು. "ನಮಸ್ಕಾರ, ಅಲ್ವಾ ಸಾರ್?"

ಪರೀಕ್ಷೆಯ ದಿನ ಬಂತು. ಹಿಂದಿನ ಸಂಜೆಯೇ ಮರಳಿದ್ದ ಮೇಷ್ಟ್ರು ಶೆಡ್ಡಿನ ಕಡೆ ತಲೆಯನ್ನೂ ಹಾಕಿರಲಿಲ್ಲ. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಫೋನ್ ಬಂತು. ಕಿವಿಮಾಮ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು, ತನ್ನ ಅಂಗಡಿಯಲ್ಲಿರುವವನಂತೆ ಹೇಳಿದ: "ಭಾವ, ಹೋಟೆಲಿನವರು ಇಲ್ಲೇ ಕೂತಿದಾರೆ. ಮಾತಾಡಿ." ಫೋನು ಪಕ್ಕದಲ್ಲಿದ್ದ ಅಜ್ಜಿಯ ಕೈಗೆ ಹೋಯಿತು.

"ನಮಸ್ಕಾರ ಸಾರ್. ಇವತ್ತೇ ಗಾಡಿ ತಗೊಂಡು ಹೋಗೋಣ ಅಂತ, ಅಲ್ವಾ ಸಾರ್?"

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ," ಅಂದರು ಮೇಷ್ಟ್ರು. "ಅದಕ್ಕೆ ಬ್ರೇಕಿಲ್ಲ."

"ನಮಗ್ಯಾಕೆ ಸಾರ್ ಬ್ರೇಕು? ಚಕ್ರಾನೇ ತೆಗೀತೀವಿ, ಅಲ್ವಾ ಸಾರ್."

"ಚಕ್ರ ತೆಗೀತೀರಾ?"

"ಸೀಟೂ ಕೀಳ್ತೀವಿ. ಮಣ್ಣು ತುಂಬಿ ಗುಲಾಬಿ ಗಿಡ. ಬಾನೆಟ್ ಒಳಗೆ ಐಸ್ ಸುರಿದು ಸೌತೆಕಾಯಿ, ಟೊಮೆಟೊ ಜೋಡಿಸ್ತೀವಿ. ಹಾರನ್ ಒತ್ತಿದ್ರೆ ಸಪ್ಲೈಯರ್ ಓಡಿ ಬರ್ಬೇಕು, ಅಲ್ವಾ ಸಾರ್?"

ಮೇಷ್ಟ್ರ ಕೈಯಿಂದ ಬ್ರೆಡ್ಡು ಜಾರಿತು. "ರೀ ಸ್ವಾಮಿ, ಅದು ಕಾರು! ಕುಂಡ ಅಲ್ಲ!"

"ಕೋಪ ಮಾಡ್ಕೋಬೇಡಿ ಸಾರ್. ಡಿಕ್ಕೀಲಿ ಏನಿಡೋಣ? ಕೋಳಿಮೊಟ್ಟೆ?"

"ಕೊಡಲ್ಲ! ಕೊಡಲ್ಲ ಅಂದ್ರೆ ಕೊಡಲ್ಲ!" ಎಂದು ಫೋನ್ ಮೇಜಿನ ಮೇಲೆ ಕುಕ್ಕಿ, ಎದ್ದು ನಿಂತು ಹೆಂಡತಿಯನ್ನು ಹುಡುಕಿದರು. ಅವಳು ಹಿಂದೆಯೇ ಇದ್ದಳು.

"ಗಾಡಿ ಕೊಡಲ್ಲ ಕಣೇ."

"ಮಾತು ಕೊಟ್ಟಿದೀರಿ."

"ವಾಪಸ್ ತಗೊಂಡೆ."

"ನನ್ನ ಶೆಡ್ಡು?"

"ಶೆಡ್ಡು ನಿಂದೇ, ತಗೋ. ಗಾಡೀನ... ಗಾಡೀನ ನಮ್ಮ ಮಲಗೋ ಕೋಣೇಲಿ ನಿಲ್ಲಿಸ್ತೀನಿ."

"ನಾನೆಲ್ಲಿ ಮಲಗ್ಲಿ?"

"ಎರಡು ಸೀಟಿದೆಯಲ್ಲ!"

ಡಬ್ಬಿಯಮ್ಮ ತುಟಿ ಕಚ್ಚಿಕೊಂಡು ಸೆರಗಿನಿಂದ ಮುಖ ಒರೆಸಿದಳು. "ಆಯ್ತು. ಆ ಮಾತು ಹೋಟೆಲಿನವರಿಗೆ ಎದುರಿಗೇ ಹೋಗಿ ಹೇಳೋಣ ನಡೀರಿ. ವ್ಯಾನು ತುಂಬ ಡಬ್ಬಿ ಇದೆ, ಇವಳಲ್ಲೇ ಹೋಗೋಣ."

ಅವರಿಗೆ ಅರ್ಥವಾಗುವಷ್ಟರಲ್ಲಿ ಶೆಡ್ಡಿನಿಂದ ಎಂಜಿನ್ ಗುಡುಗಿತು. ಕಾರು ಹಿಮ್ಮುಖವಾಗಿ ಅಂಗಳಕ್ಕೆ ಬಂತು.

"ಏಯ್! ಬ್ರೇಕಿಲ್ಲ ಕಣೇ! ಇಳಿ!"

"ಬರೋದಾದ್ರೆ ಬನ್ನಿ. ಇಲ್ಲ ಅಂದ್ರೆ ನಾನೊಬ್ಬಳೇ ಹೋಗ್ತೀನಿ."

ಬ್ರೇಕಿಲ್ಲದ ಗಾಡಿಯಲ್ಲಿ ಅವಳನ್ನು ಒಬ್ಬಳನ್ನೇ ಹೇಗೆ ಬಿಡುವುದು? ಮೇಷ್ಟ್ರು ಬಾಗಿಲು ತೆಗೆಯಲೂ ನಿಲ್ಲದೆ ಅದರ ಮೇಲಿಂದಲೇ ಹಾರಿ ಒಳಗೆ ಬಿದ್ದರು.

ಬೀದಿ ತುಸು ಇಳಿಜಾರು. ಮೇಷ್ಟ್ರು ತಮ್ಮ ಮುಂದಿದ್ದ ಬರಿಯ ನೆಲವನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದರು. "ಗೇರ್ ಇಳಿಸು! ಗೇರಲ್ಲೇ ಹಿಡಿ! ಗೋಡೆ ಕಡೆ ಒರಸು, ಬಣ್ಣ ಹೋದ್ರೆ ಹೋಗ್ಲಿ!" ಕೈಬ್ರೇಕಿಗೆ ಕೈ ಚಾಚಿದರು, ಅವಳು ಅಡುಗೆಮನೆಯಲ್ಲಿ ಹಪಾಹಪಿ ಮಾಡುವ ಕೈಗೆ ಬಾರಿಸುವ ಹಾಗೆ ಬಾರಿಸಿದಳು. ಮುಂದೆ ಸಿಗ್ನಲ್ ಕೆಂಪಾಯಿತು. ಮೇಷ್ಟ್ರು ಕಣ್ಣು ಮುಚ್ಚಿದರು.

ಏನೂ ಆಗಲಿಲ್ಲ. ಒಂದು ಕಣ್ಣು ತೆರೆದರು. ಕಾರಿನ ಮೂಗು ಬಿಳಿ ಗೆರೆಯ ಹಿಂದೆ ಕೈಕಟ್ಟಿ ನಿಂತಿತ್ತು. ಹೆಂಡತಿಯ ಕಾಲು ನೋಡಿದರು.

"ಇನ್ನೊಂದ್ಸಲ ಒತ್ತು."

ಒತ್ತಿದಳು.

"ಇಳೀತಿಲ್ಲ."

"ಇಲ್ಲ."

"ಯಾರು... ಯಾವಾಗ..."

"ಸಿಗ್ನಲ್ ಬಿಟ್ಟಿದೆ ರೀ. ಹಿಂದಿನವರು ಹಾರನ್ ಹೊಡೀತಿದಾರೆ."

ಕಾರು ಹೋಟೆಲಿನ ದಾರಿ ಬಿಟ್ಟು ಪರೀಕ್ಷೆಯ ಮೈದಾನದೊಳಗೆ ತಿರುಗಿತು. ಅಲ್ಲಿ ಅಜ್ಜಿ, ಮಗಳು, ಕಿವಿಮಾಮ ಒಳದಾರಿಯಲ್ಲಿ ಬಂದು ವ್ಯಾನಿನಲ್ಲಿ ಕಾಯುತ್ತಿದ್ದರು. ಡಬ್ಬಿಯಮ್ಮ ಇಳಿದು ಚಾಲಕನ ಸೀಟನ್ನು ಗಂಡನಿಗೆ ಬಿಟ್ಟುಕೊಟ್ಟಳು. ಇನ್ಸ್‌ಪೆಕ್ಟರ್ ದೂರದಲ್ಲಿ ನಿಂತು, "ಬಿಡಿ! ನಾನು ಕೈ ಎತ್ತಿದ ತಕ್ಷಣ ನಿಲ್ಲಬೇಕು," ಅಂದರು. ಮೇಷ್ಟ್ರು ಬಿಟ್ಟರು. ಉದ್ದ ಮೂಗು ಗಾಳಿ ಸೀಳಿಕೊಂಡು ಬಂತು. ಕೈ ಎದ್ದಿತು. ಕಾರು ನಿಂತಿತು. ಇನ್ಸ್‌ಪೆಕ್ಟರ್ ಬಗ್ಗಿ ನೆಲದ ಮೇಲಿನ ಎರಡು ಗುರುತು ನೋಡಿದರು; ಎರಡೂ ಒಂದೇ ಅಳತೆ, ಒಂದೇ ನೇರ.

"ಹೊಸ ಗಾಡಿಗಳೂ ಹೀಗೆ ನಿಲ್ಲಲ್ಲ. ಯಾರು ಕೂರಿಸಿದ್ದು?"

"ನಾನೇ," ಅಂದರು ಮೇಷ್ಟ್ರು, ಎದೆ ಉಬ್ಬಿಸಿ.

"ತಲೆಕೆಳಗಾಗಿ," ಅಂದಳು ಮಗಳು. ವಾರಗಳ ನಂತರ ಅಪ್ಪನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ನಾನು 'ಎ' ಅಂತ ಬರೆದದ್ದನ್ನ ಬಲಕ್ಕೆ ಯಾಕೆ ಹಾಕ್ದೆ?"

"ಬಲಕ್ಕೇ ಹಾಕ್ಬೇಕು! ನೀನು ಗಾಡಿಗೆ ಎದುರು ನಿಂತು ಬರೆದೆ. ನಿನ್ನ ಎಡ ಗಾಡಿಗೆ ಬಲ. ಜೀವಮಾನವೆಲ್ಲ ಮಕ್ಕಳ ಎದುರು ನಿಂತವನು, ನಂಗೆ ಗೊತ್ತಿಲ್ವಾ? ನಿನ್ನ ತಪ್ಪು ತಿದ್ದಿ ಹಾಕ್ದೆ."

"ಅಪ್ಪ! ನಾನು ದಿನಾ ರೋಗಿ ಎದುರು ನಿಲ್ಲೋಳು. ರೋಗಿಯ ಎಡವೇ ಎಡ. ನಾನು ತಿದ್ದಿಯೇ ಬರೆದಿದ್ದೆ!"

"ಹಾಗಂತ ಹೇಳಬಾರದಿತ್ತಾ?"

"ನೀನು ಕೇಳಬಾರದಿತ್ತಾ?"

"ಮಾತು ಬಿಟ್ಟಿದ್ವಲ್ಲೇ!"

ಇನ್ಸ್‌ಪೆಕ್ಟರ್ ಇಬ್ಬರ ಮುಖವನ್ನೂ ನೋಡಿದರು. "ಒಬ್ಬರಾದರೂ ಸ್ವಲ್ಪ ದಡ್ಡರಾಗಿದ್ದಿದ್ರೆ ಅವತ್ತೇ ಸರಿಹೋಗ್ತಿತ್ತು," ಎಂದು ಮುದ್ರೆ ಒತ್ತಿ ಕಾಗದ ಕೊಟ್ಟರು. ಕಿವಿಮಾಮ ಶಿಳ್ಳೆ ಹೊಡೆದ. ಅಪ್ಪ ಮಗಳ ತಲೆಗೊಂದು ಮೊಟಕಿದರು. ಅವಳು ಅವರ ಕೈಯಿಂದ ಕಾಗದ ಕಿತ್ತುಕೊಂಡು ಅಮ್ಮನಿಗೆ ಕೊಟ್ಟಳು. ಡಬ್ಬಿಯಮ್ಮ ಅದನ್ನು ಮಡಚಿ ರವಿಕೆಗೆ ಸೇರಿಸಿ, "ಒಲೆಯವರಿಗೆ ನಾಳೆ ಬರೋಕೆ ಹೇಳ್ತೀನಿ," ಅಂದಳು.

"ಹೇಳು," ಅಂದರು ಮೇಷ್ಟ್ರು ಗತ್ತಿನಿಂದ. "ನಾನೂ ಒಂದು ಫೋನ್ ಮಾಡೋದಿದೆ. ಆ ಹೋಟೆಲಿನವನ ನಂಬರ್ ಕೊಡೋ. ಸೌತೆಕಾಯಿ ಇಡ್ತಾನಂತೆ! ನನ್ನ ಗಾಡೀಲಿ! ಈಗಲೇ ಅವನಿಗೆ..."

"ಫೋನ್ ಯಾಕೆ ಸಾರ್?" ಎಂದಿತು ವ್ಯಾನಿನ ಕಿಟಕಿಯಿಂದ ಮೂಗಿನ ದನಿ. "ನಾನಿಲ್ಲೇ ಇದೀನಿ, ಅಲ್ವಾ ಸಾರ್? ಮೊಟ್ಟೆ ಡಿಕ್ಕೀಲೇ ಇಡೋಣ್ವಾ?"

ಮೇಷ್ಟ್ರು ತಿರುಗಿದರು. ಕಿಟಕಿಯಲ್ಲಿ ಅಮ್ಮ, ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡು, ಊದಿದ ಮೊಣಕಾಲನ್ನು ಮುಂದಿನ ಸೀಟಿನ ಮೇಲೆ ಚಾಚಿ ಕೂತಿದ್ದಳು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬೊಬ್ಬರ ಮುಖವನ್ನೂ ಸಾಲಾಗಿ ನೋಡಿದರು. ಹೆಂಡತಿ ಆಕಾಶ ನೋಡಿದಳು. ಮಗಳು ಬೆನ್ನು ತಿರುಗಿಸಿದಳು, ಬೆನ್ನು ಕುಲುಕುತ್ತಿತ್ತು. ಕಿವಿಮಾಮ ವ್ಯಾನಿನ ಹಿಂದೆ ಅಡಗಿದ.

"ಅಮ್ಮ, ನೀನಾ? ಬೆಳಿಗ್ಗೆ... ಗುಲಾಬಿ ಗಿಡ... ನೀನಾ?"

"ಅಲ್ವಾ ಸಾರ್," ಅಂದಳು ಅಜ್ಜಿ.

ಆಗ ಹೊರಟಿತು ನಗು. ಮೊದಲು ಹೊಟ್ಟೆಯೊಳಗೇ ಕೆಮ್ಮಿನಂತೆ ಕೆದಕಿ, ಆಮೇಲೆ ಮೈದಾನಕ್ಕೆ ಮೈದಾನವೇ ತಿರುಗಿ ನೋಡುವಂತೆ. ಸಾಲಿನಲ್ಲಿ ನಿಂತ ಲಾರಿಯವರು ಕೆಳಗಿಳಿದರು. ಇನ್ಸ್‌ಪೆಕ್ಟರ್ ಮುದ್ರೆ ಹಿಡಿದುಕೊಂಡೇ ನಿಂತುಬಿಟ್ಟರು. ಹೆಂಡತಿ ಮಗಳು ನಕ್ಕರು, ಕಿವಿಮಾಮ ಹೊರಗೆ ಬಂದು ನಕ್ಕ, ಅಜ್ಜಿ ನಕ್ಕು ಕೆಮ್ಮಿ ಸುಧಾರಿಸಿಕೊಂಡಳು. ಅವರೆಲ್ಲ ಮುಗಿಸಿ ಕಣ್ಣೊರೆಸಿಕೊಂಡರೂ ಮೇಷ್ಟ್ರು ಮಾತ್ರ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ಬಗ್ಗಿದವರು ಏಳಲೇ ಇಲ್ಲ.

"ಸಾಕು ರೀ, ಹಿಂದೆ ಗಾಡಿಗಳು ಕಾಯ್ತಿವೆ," ಅಂದಳು ಡಬ್ಬಿಯಮ್ಮ.

ಹೂಂ ಎಂದು ಕೈಯಾಡಿಸಿ, ಉಸಿರೆಳೆದು, ಇನ್ಸ್‌ಪೆಕ್ಟರಿಗೆ ಏನೋ ವಿವರಿಸಲು ಬಾಯಿ ತೆರೆದರು. "ಸೌತೆ... ಸೌತೆಕಾಯಿ..." ಅಂದರು, ಅಷ್ಟೇ. ಮತ್ತೆ ಬಾನೆಟ್ಟಿನ ಮೇಲೆ ಕವುಚಿ ಬಿದ್ದರು.